ಪ್ರತಿಕ್ರಿಯೆ: ತಾಮ್ರದ ಕೆ ಕವಚದ ಲೆಕ್ಕ ಎರಡು ಪಟ್ಟು ಬರುತ್ತಿರುವುದೇಕೆ

2 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಪ್ರೋಟಾನ್, ತಾಮ್ರದ ಗುರಿ. ಐಎಸ್‌ಐಸಿಎಸ್ ಎಂಬ ಪ್ರೋಗ್ರಾಂ ಕೊಡುವ ಕೆ ಕವಚದ (ಪರಮಾಣುವಿನ ಅತಿ ಒಳಗಿನ ಎಲೆಕ್ಟ್ರಾನ್ ಕವಚದ) ಕ್ರಾಸ್ ಸೆಕ್ಷನ್ ಪ್ರಕಟಿತ ಎಕ್ಸ್-ರೇ ಅಳತೆಯ ಎರಡು ಪಟ್ಟಿಗೂ ಹೆಚ್ಚಿದೆ, ಇಸಿಪಿಎಸ್‌ಎಸ್‌ಆರ್ ಎಂಬ, ಅದರ ಲೆಕ್ಕಕ್ಕೆ ಆಧಾರವಾದ ಸಿದ್ಧಾಂತವೇ ಸರಿಯಿಲ್ಲವೇ ಎಂದು ಕೇಳಿದ್ದೀರಿ. ಸಿದ್ಧಾಂತದ ತಂಟೆಗೆ ಈಗಲೇ ಹೋಗಬೇಡಿ. ನೀವು ಹೋಲಿಸುತ್ತಿರುವುದು ಎರಡು ಬೇರೆ ಸಂಖ್ಯೆಗಳನ್ನು.

ನಿಮ್ಮದು ಅಯನೀಕರಣದ ಕ್ರಾಸ್ ಸೆಕ್ಷನ್, ಅಂದರೆ ಕೆ ಕವಚದಲ್ಲಿ ಖಾಲಿ ಜಾಗ ಆಗುವ ಸಾಧ್ಯತೆ. ಹಾಗೆ ಖಾಲಿಯಾದದ್ದರಲ್ಲಿ ಎಕ್ಸ್-ರೇ ಹೊರಡಿಸುವುದು ತಾಮ್ರದಲ್ಲಿ ಸುಮಾರು 0.44 ಭಾಗ ಮಾತ್ರ, ಮಿಕ್ಕದ್ದು ಓಜೆ ಎಲೆಕ್ಟ್ರಾನ್ (ಎಕ್ಸ್-ರೇ ಬದಲು ಪರಮಾಣುವಿನಿಂದ ಹೊರಬೀಳುವ ಎಲೆಕ್ಟ್ರಾನ್) ಪಾಲು. ನಿಮ್ಮ ಸಂಖ್ಯೆಯನ್ನು 0.44ರಿಂದ ಗುಣಿಸಿ ನೋಡಿ. ಪ್ರಬಂಧದಲ್ಲಿ ಕೆ ಎಕ್ಸ್-ರೇಗಳಲ್ಲಿ ಮುಖ್ಯವಾದ ಕೆ-ಆಲ್ಫಾ ಗೆರೆಯೊಂದನ್ನೇ ಕೊಟ್ಟಿದ್ದರೆ ಇನ್ನೂ ಸುಮಾರು 0.88ರಿಂದ ಗುಣಿಸಬೇಕು.

ಆಮೇಲೂ ವ್ಯತ್ಯಾಸ ಉಳಿದರೆ ಗುರಿಯಾದ ತಾಮ್ರದ ಫಾಯಿಲ್ ದಪ್ಪ ನೋಡಿ. 1 ಮೈಕ್ರಾನ್ ತಾಮ್ರದಲ್ಲೇ ಪ್ರೋಟಾನ್ ಸುಮಾರು 0.1 ಎಂಇವಿ ಕಳೆದುಕೊಳ್ಳುತ್ತದೆ. ಇಲ್ಲಿ ಶಕ್ತಿ ಕಡಿಮೆಯಾದಂತೆ ಕ್ರಾಸ್ ಸೆಕ್ಷನ್ ಕಡಿದಾಗಿ ಇಳಿಯುವುದರಿಂದ ದಪ್ಪ ಗುರಿಗೆ ಒಂದೇ ಶಕ್ತಿಯ ಲೆಕ್ಕ ಸಲ್ಲದು. ಆಳದುದ್ದಕ್ಕೂ ಇಂಟಿಗ್ರೇಟ್ ಮಾಡಬೇಕು.

ಮುಂದೆ ಹೀಲಿಯಂ ಅಯಾನು ಹಾಕುವಾಗ ಶಕ್ತಿಯ ಏಕಮಾನ ಗಮನಿಸಿ: ಒಟ್ಟು 4 ಎಂಇವಿ ಎಂದರೆ ಪ್ರತಿ ನ್ಯೂಕ್ಲಿಯಾನ್‌ಗೆ 1. ಇಲ್ಲಿ ಎಡವಿದರೆ ಉತ್ತರ ಎಲ್ಲಿಗೋ ಹೋಗುತ್ತದೆ, ಆದರೂ ಪ್ರೋಗ್ರಾಂ ತೆಪ್ಪಗೆ ಸಂಖ್ಯೆ ಕೊಡುತ್ತದೆ.

ಚಿನ್ನದಂಥ ಧಾತುವಿನ ಎಲ್ ಕವಚಕ್ಕೆ (ಕೆ ಆಚೆಗಿನದು, ಎಲ್1, ಎಲ್2, ಎಲ್3 ಎಂಬ ಉಪಕವಚಗಳುಳ್ಳದ್ದು) ಮೇಲಿನ ಸರಳ ಗುಣಾಕಾರ ಸಾಲದು. ಎಲ್1, ಎಲ್2ರ ಖಾಲಿ ಜಾಗಗಳು ಕಾಸ್ಟರ್-ಕ್ರೋನಿಗ್ ಜಿಗಿತದಿಂದ (ಒಂದೇ ಕವಚದ ಉಪಕವಚಗಳ ನಡುವೆ ಖಾಲಿ ಜಾಗ ಸಾಗುವುದರಿಂದ) ಎಲ್3ಕ್ಕೆ ಬರುತ್ತವೆ, ಅವನ್ನೂ ಕೂಡಿಸಿದ ಮೇಲೆಯೇ ಎಲ್-ಆಲ್ಫಾ ಲೆಕ್ಕ. ಎಲೆಕ್ಟ್ರಾನ್ ಬೀಮ್ ಆದರೆ ಈ ಪ್ರೋಗ್ರಾಂ ಬೇಡವೇ ಬೇಡ, ಅದು ಪ್ರೋಟಾನ್ ಮತ್ತು ಭಾರ ಅಯಾನುಗಳಿಗೆ ಬರೆದದ್ದು.