ರಿಲೇ ಓಟದ ಮರುದಿನ ಗೆಳೆಯರ ಜೊತೆ ದ್ವೀಪ ಸುತ್ತಬೇಕು. ಒಂದೇ ದಿನದಲ್ಲಿ ಏಳು ಸ್ಥಳ ನೋಡಿ ಮುಗಿಸಲು ಸ್ಕೂಟರ್ ಒಳ್ಳೆಯದೋ, ಸೈಕಲ್ಲೋ?

ಏಳು ಸ್ಥಳ, ಆರು ಮಂದಿ, ಬೆಳಗಿನ ಮೊದಲ ದೋಣಿ. ನಿಮ್ಮ ಪಟ್ಟಿ ಓದುತ್ತಿದ್ದಂತೆ ನಾನು ಬರೆದಿದ್ದ ಪಟ್ಟಿಯೇ ಕಣ್ಣಿಗೆ ಕಟ್ಟಿತು. 7ಕ್ಕೆ ದೋಣಿ, 8ಕ್ಕೆ ದೀಪಸ್ತಂಭ, 9ಕ್ಕೆ ಗುಹೆ, ಹೀಗೆ ಗಂಟೆಗಂಟೆಗೂ ಒಂದೊಂದು ಸ್ಥಳ. ಅದನ್ನು ಆರು ಪ್ರತಿ ಮಾಡಿ ಎಲ್ಲರಿಗೂ ಹಂಚಿದ್ದೆ.

ನಮ್ಮದು ರಾತ್ರಿಯಿಡೀ ನಡೆಯುವ ರಿಲೇ. ತಲಾ ಮೂರು ಸರದಿ. ಒಬ್ಬರು ಓಡುವಾಗ ಉಳಿದವರು ವ್ಯಾನಿನಲ್ಲಿ ಮುಂದಿನ ತಾಣಕ್ಕೆ ಹೋಗಿ ಕಾಯಬೇಕು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1982ರಲ್ಲಿ ಶುರುವಾದ ಹುಡ್ ಟು ಕೋಸ್ಟ್ ಓಟದಲ್ಲಿ 12 ಮಂದಿಯ ತಂಡ 36 ಸರದಿಗಳಲ್ಲಿ ಬೆಟ್ಟದಿಂದ ಕಡಲಿನವರೆಗೆ 300 ಕಿಲೋಮೀಟರಿಗೂ ಹೆಚ್ಚು ದೂರ ಓಡುತ್ತದೆ. ನಮ್ಮದು ಅಷ್ಟು ದೊಡ್ಡದಲ್ಲ, ಕ್ರಮ ಮಾತ್ರ ಅದೇ. ನನ್ನ ಪಾಲಿಗೆ ಬಂದದ್ದು ಸುಮಾರು 25 ಕಿಲೋಮೀಟರ್. ಮ್ಯಾರಥಾನ್ ಎಂದರೆ 42 ಕಿಲೋಮೀಟರಿಗೂ ಹೆಚ್ಚು; ಅದರ ಮುಂದೆ ಇದೇನು ಮಹಾ ಎಂದುಕೊಂಡಿದ್ದೆ. ರಿಲೇ ಓಡಿದವರೆಲ್ಲ ಎಡವುವುದು ಈ ಲೆಕ್ಕದಲ್ಲೇ. ಓಡಿ ಬಿಸಿಯಾದ ಕಾಲನ್ನು ವ್ಯಾನಿನ ಸೀಟಿನ ಸಂದಿಯಲ್ಲಿ ಮಡಚಿ ಕೂರುತ್ತೇವೆ. ಅದು ಮರಗಟ್ಟಿದ ಮೇಲೆ ಮತ್ತೆ ಓಡುತ್ತೇವೆ. ಹೀಗೆ ಮೂರು ಸಲ. ನಡುವೆ ಸಿಕ್ಕ ನಿದ್ದೆ ಎರಡು ಗಂಟೆಯೂ ಇಲ್ಲ. ಕಿಲೋಮೀಟರ್ ಎಣಿಸಿದರೆ ಇದಾವುದೂ ಲೆಕ್ಕಕ್ಕೆ ಬರುವುದಿಲ್ಲ.

ನಾನು ಮಾಡಿದ ತಪ್ಪು ಒಂದೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯಲ್ಲೂ ಅದು ಮೊದಲ ಸಾಲಿನಲ್ಲೇ ಇದೆ. ದೀಪಸ್ತಂಭವನ್ನು ಮೊದಲು ಹತ್ತುವುದು. ಬಿಸಿಲೇರುವ ಮುನ್ನ ಎತ್ತರದ ಜಾಗ ಮುಗಿದರೆ ಉಳಿದ ದಿನ ಸಲೀಸು ಎಂಬುದು ನನ್ನ ವಾದವಾಗಿತ್ತು. ಓಟಕ್ಕೆ ಎರಡು ವಾರ ಮೊದಲು, ದಣಿವೇ ಇಲ್ಲದ ಕಾಲುಗಳನ್ನು ಚಾಚಿ ಮೇಜಿನ ಮುಂದೆ ಕುಳಿತಿದ್ದಾಗ ಹೊಳೆದ ವಾದ ಅದು.

ಹತ್ತುವಾಗ ಯಾರಿಗೂ ಏನೂ ಆಗಲಿಲ್ಲ. ತೊಡೆ ಸ್ವಲ್ಪ ಬಿಗಿ, ಅಷ್ಟೆ. ಮೇಲೆ ನಿಂತು ನಾವು ಬಂದ ದೋಣಿ ಹಿಂದಿರುಗುತ್ತಾ ನೀರಿನಲ್ಲಿ ಎಳೆಯುತ್ತಿದ್ದ ಬಿಳಿ ಗೆರೆಯನ್ನು ನೋಡಿದೆವು. ಕಾಲುಗಳು ನೆಟ್ಟಗೇ ಇವೆ ಎಂದು ಎಲ್ಲರೂ ಹೇಳಿದರು. ಇಳಿಯಲು ತೊಡಗಿದಾಗ ಗೊತ್ತಾಯಿತು.

ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗಿ ದೇಹವನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ. ದೇಹದ ಭಾರ ಹೊತ್ತುಕೊಂಡೇ ಉದ್ದವಾಗುತ್ತಾ ಹೋಗಬೇಕು. ಇಳಿಜಾರಿನಲ್ಲಿ ಓಡುವಾಗಲೂ ಹೀಗೆಯೇ, ಪ್ರತಿ ಹೆಜ್ಜೆಗೂ. ಆಗಲೇ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿಯಾಗುತ್ತದೆ. ಅದರ ನೋವು ತಕ್ಷಣ ಬರುವುದಿಲ್ಲ. ಸಾಮಾನ್ಯವಾಗಿ 24 ಗಂಟೆಯಿಂದ 72 ಗಂಟೆಯೊಳಗೆ ತುತ್ತತುದಿಗೆ ಏರುತ್ತದೆ. ಥಿಯೋಡರ್ ಹಫ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ ಈ ತಡವಾಗಿ ಬರುವ ನೋವಿನ ಬಗ್ಗೆ 1902ರಲ್ಲೇ ಬರೆದಿದ್ದಾನೆ. ಇದಕ್ಕೆ ಓಡುವಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಈಗಲೂ ಹಲವರು ಹೇಳುವುದನ್ನು ಕೇಳುತ್ತೇನೆ. ಆ ಆಮ್ಲ ಓಟ ಮುಗಿದ ಒಂದೆರಡು ಗಂಟೆಯಲ್ಲೇ ಇಳಿದುಹೋಗಿರುತ್ತದೆ. ನೋವಿನ ಜೊತೆಗೆ ಸ್ನಾಯುವಿನ ಬಲವೂ ಕುಂದಿರುತ್ತದೆ, ಅದು ಅಪಾಯದ ಭಾಗ. ಮೊಣಕಾಲು ಹಿಡಿದುಕೊಳ್ಳುತ್ತದೆ ಎಂದು ನಂಬಿ ಹೆಜ್ಜೆ ಇಟ್ಟರೆ ಅದು ಹಿಡಿಯುವುದಿಲ್ಲ.

ಹಿಂದಿನ ದಿನ ಬೆಟ್ಟದ ಇಳಿಜಾರಿನ ಸರದಿ ಓಡಿದ್ದವನು ನಮ್ಮ ತಂಡದ ಐದನೆಯ ಗೆಳೆಯ. ಎಂಟು ಕಿಲೋಮೀಟರ್, ಬರೀ ಇಳಿತ. ಹಗುರವಾದ ಸರದಿ ಎಂದು ಅದನ್ನು ಅವನಿಗೆ ಕೊಟ್ಟವನೂ ನಾನೇ. ದೀಪಸ್ತಂಭದ ಮೆಟ್ಟಿಲಿನಲ್ಲಿ ಅವನು ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಿಮ್ಮುಖವಾಗಿ, ಏಣಿಯಿಂದ ಇಳಿಯುವಂತೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಸರಿಯಾದ ಉಪಾಯವನ್ನು ಅವನ ಕಾಲುಗಳೇ ಕಂಡುಕೊಂಡಿದ್ದವು. ನಾಲ್ಕು ಮೆಟ್ಟಿಲು ಕೆಳಗೆ ನಿಂತು ಗಡಿಯಾರ ನೋಡುತ್ತಿದ್ದ ನಾನು, “ನೇರವಾಗಿ ಇಳಿಯೋ, ಗುಹೆಯ ದೋಣಿ ತಪ್ಪಿಹೋಗುತ್ತದೆ” ಎಂದೆ. ಅವನು ನನ್ನ ಮಾತು ಕೇಳಿ ತಿರುಗಿದ. ಮೂರನೆಯ ಮೆಟ್ಟಿಲಿಗೆ ಮೊಣಕಾಲು ಸೋತು, ಪಾದ ಉಳುಕಿ ಕುಸಿದುಬಿದ್ದ.

ನಾವು ಅವನನ್ನು ಹೆಗಲು ಕೊಟ್ಟು ಜೆಟ್ಟಿಗೆ ಕರೆತರುವಷ್ಟರಲ್ಲಿ ಕಣಕಾಲು ಊದಿತ್ತು. ಒಬ್ಬಳು ಗೆಳತಿ ಅವನ ಜೊತೆ ಉಳಿದಳು. ನಾನು ಉಳಿದ ಮೂವರನ್ನು ಕರೆದುಕೊಂಡು ಪಟ್ಟಿಯ ಮುಂದಿನ ಸ್ಥಳಕ್ಕೆ ಹೋದೆ. ಟಿಕೆಟ್ ತೆಗೆದಾಗಿತ್ತು ಎಂಬುದೊಂದೇ ಕಾರಣ. ಈಗಲೂ ಕೊರೆಯುವುದು ಇದೇ. ಆಮೇಲೆ ನೋಡಿದ ನಾಲ್ಕು ಸ್ಥಳಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂದು ಫೋಟೋ ನೋಡಿದರೂ ನನಗೆ ನೆನಪಾಗುವುದಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಜೆಟ್ಟಿಗೆ ಮರಳಿದಾಗ ನೀರು ಇಳಿದು ಬಂಡೆಗಳ ನಡುವೆ ಸಣ್ಣ ಹೊಂಡಗಳು ಬಯಲಾಗಿದ್ದವು. ಅವರಿಬ್ಬರೂ ನೆರಳಿನ ಬಂಡೆಯ ಮೇಲಿದ್ದರು. ಅವನ ಪಾದ ಚೀಲದ ಮೇಲಿತ್ತು. ಓಟದಲ್ಲಿ ಕೈಯಿಂದ ಕೈಗೆ ದಾಟಿಸಿದ ಬ್ಯಾಂಡ್ ಇನ್ನೂ ಅವನ ಮಣಿಕಟ್ಟಿನಲ್ಲೇ ಇತ್ತು, ಬೆವರಿನ ಉಪ್ಪು ಅದರ ಅಂಚಿನಲ್ಲಿ ಬೆಳ್ಳಗೆ ಕೂತಿತ್ತು. ಹೊಂಡದಲ್ಲಿ ಒಂದು ಪುಟ್ಟ ಏಡಿ ತಾನಿದ್ದ ಶಂಖವನ್ನು ಬಿಟ್ಟು ಪಕ್ಕದ ಖಾಲಿ ಶಂಖಕ್ಕೆ ಸೇರಿಕೊಳ್ಳಲು ನೋಡುತ್ತಿತ್ತು. ಅಳೆಯುವುದು, ಹಿಂದೆ ಸರಿಯುವುದು, ಮತ್ತೆ ಅಳೆಯುವುದು. ಅದನ್ನೇ ಅವರು ಎಷ್ಟೋ ಹೊತ್ತಿನಿಂದ ನೋಡುತ್ತಿದ್ದರಂತೆ. ಅವನು ನನ್ನನ್ನು ಏನೂ ಅನ್ನಲಿಲ್ಲ. ಸ್ವಲ್ಪ ಜರುಗಿ ಜಾಗ ಮಾಡಿಕೊಟ್ಟ. ಆರೂ ಮಂದಿ ಅಲ್ಲೇ ಕೂತೆವು, ಕೊನೆಯ ದೋಣಿಯವರೆಗೆ. ಆ ದ್ವೀಪ ಎಂದರೆ ನಮಗೆಲ್ಲ ಈಗ ನೆನಪಾಗುವುದು ಆ ಬಂಡೆ. ಅವನು ಮತ್ತೆ ಓಡಲು ಎರಡು ತಿಂಗಳು ಬೇಕಾಯಿತು.

ಹಾಗಾಗಿ ಸ್ಕೂಟರೋ ಸೈಕಲ್ಲೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿದ್ದೆಗೆಟ್ಟವರ ಕೈಗೆ ಗೊತ್ತಿಲ್ಲದ ದಾರಿಯಲ್ಲಿ ಸ್ಕೂಟರ್ ಕೊಡಬೇಡಿ. ಒಂದು ರಾತ್ರಿಯ ನಿದ್ದೆಯಿಂದ ಆ ಸಾಲ ತೀರುವುದಿಲ್ಲ. ಸೈಕಲ್ ಏರುದಾರಿಯಲ್ಲಿ ನಿಮ್ಮ ತೊಡೆಯನ್ನೇ ಕೇಳುತ್ತದೆ. ಬೇರೆಯವರು ಓಡಿಸುವ ವಾಹನ ಹಿಡಿಯಿರಿ, ಇಲ್ಲವೇ ದ್ವೀಪವನ್ನು ಸುತ್ತು ಹಾಕುವ ದೋಣಿ ಹತ್ತಿ. ದೋಣಿಯಲ್ಲಿ ನಡುಭಾಗದಲ್ಲಿ ಕುಳಿತು ದಿಗಂತದ ಕಡೆ ನೋಡಿ. ನಿದ್ದೆ ಕಡಿಮೆಯಾದವರಿಗೆ ಹೊಟ್ಟೆ ತೊಳಸುವುದು ಬೇಗ.

ಏಳರಲ್ಲಿ ಆರನ್ನು ಹೊಡೆದುಹಾಕಿ. ಉಳಿಸಿಕೊಳ್ಳುವ ಒಂದು ಸ್ಥಳ ನೀರಿನ ಮಟ್ಟದಲ್ಲಿರಲಿ, ಮೆಟ್ಟಿಲೇ ಬೇಡ. ಬಂಡೆ ಹೊಂಡಗಳನ್ನು ನೋಡುವ ಆಸೆಯಿದ್ದರೆ ಕಡಲಿನ ಇಳಿತದ ವೇಳೆಯನ್ನು ಅದೇ ದಿನದ ಉಬ್ಬರವಿಳಿತದ ಪಟ್ಟಿಯಲ್ಲಿ ನೋಡಿಕೊಳ್ಳಿ. ಹೆಚ್ಚಿನ ಕರಾವಳಿಗಳಲ್ಲಿ ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಸೊಂಟದವರೆಗೆ ತಣ್ಣನೆಯ ನೀರಿನಲ್ಲಿ ನಿಂತರೆ ಕಾಲಿಗೆ ಹಾಯೆನಿಸುತ್ತದೆ, ಆದರೆ ಪಾದದ ಬೊಬ್ಬೆ ಒಡೆದಿದ್ದರೆ ಇಳಿಯಬೇಡಿ. ನೋವಿಗೆಂದು ಐಬುಪ್ರೊಫೆನ್ ಮಾತ್ರೆ ನುಂಗಿಕೊಂಡು ಬಿಸಿಲಿನಲ್ಲಿ ಅಲೆಯುವುದು ಬೇಡವೇ ಬೇಡ. ದೇಹದಲ್ಲಿ ನೀರು ಕಡಿಮೆಯಿದ್ದಾಗ ಅದು ಮೂತ್ರಪಿಂಡಕ್ಕೆ ಕೆಟ್ಟದ್ದು. ನೀರನ್ನೂ ಬಾಯಾರಿದಷ್ಟೇ ಕುಡಿಯಿರಿ. ಒಂದೇ ಸಮನೆ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ.

ಯಾರಾದರೂ ಕೂರುತ್ತೇನೆ ಎಂದರೆ ಆರೂ ಮಂದಿ ಕೂರಿ. ಮೊದಲ ದೋಣಿಯ ಟಿಕೆಟ್ ತೆಗೆದಾಗಿದ್ದರೆ ಇವತ್ತೇ ಹತ್ತು ಗಂಟೆಯ ಮೇಲಿನದಕ್ಕೆ ಬದಲಾಯಿಸಿ. ಬರೆದಿಟ್ಟುಕೊಳ್ಳುವುದಿದ್ದರೆ ಕೊನೆಯ ದೋಣಿಯ ಸಮಯ ಒಂದನ್ನೇ ಬರೆದಿಟ್ಟುಕೊಳ್ಳಿ.