ರಾತ್ರಿ ಮೂರಕ್ಕೆ ಗುಂಪಿನಲ್ಲಿ ಕೇಳಿದ ಪ್ರಶ್ನೆ

ಪ್ರಶ್ನೆ: ಗಂಗಾವತಿಯ ತವರಿನಲ್ಲಿ ಬಾಣಂತನ ನಡೆದಿದೆ. ಕೂಸಿಗೆ ಐದು ವಾರ. ಗಂಡ ಬೆಂಗಳೂರಿನಲ್ಲಿದ್ದಾರೆ. ರಾತ್ರಿ ಏನೇ ಅನುಮಾನ ಬಂದರೂ ಫೇಸ್‌ಬುಕ್‌ನ ತಾಯಂದಿರ ಗುಂಪಿನಲ್ಲಿ ಕೇಳುತ್ತೇನೆ. ಈಗ ಎದೆ ಮೊದಲಿನಷ್ಟು ಬಿಗಿ ಇಲ್ಲ, ಸಂಜೆಯಾದರೆ ಕೂಸು ಎದೆ ಬಿಡುವುದಿಲ್ಲ. ‘ಹಾಲು ಬತ್ತಿದೆ, ಡಬ್ಬಿ ಹಾಲು ಹಾಕಿ’ ಅಂತ ಹತ್ತಾರು ಮಂದಿ ಬರೆದರು. ಒಬ್ಬರು ಜೇನು ನೆಕ್ಕಿಸಿ ಎಂದರು. ಅವ್ವ ‘ಮೊದಲು ಆ ಫೋನು ಬಿಸಾಕು’ ಅಂತಾಳೆ. ಯಾರ ಮಾತು ಕೇಳಲಿ?
— ಹೆಸರು ಬೇಡ

ಉತ್ತರ: ಫೋನು ಬಿಸಾಕಬೇಡಿ. ನಡುರಾತ್ರಿ ‘ನಮ್ಮದೂ ಎದ್ದೈತ್ರಿ’ ಅಂತ ಇನ್ನೊಬ್ಬ ಬಾಣಂತಿ ಬರೆದರೆ ಬರುವ ಧೈರ್ಯ ನನ್ನ ಔಷಧಿ ಚೀಟಿಯಲ್ಲಿಲ್ಲ. ಆದರೆ ಆ ಹತ್ತಾರು ಮಂದಿ ನಿಮ್ಮ ಕೂಸನ್ನು ಕಣ್ಣಿಂದ ನೋಡಿಲ್ಲ.

ಮೊದಮೊದಲು ಹಾಲು ಬೇಕಾದ್ದಕ್ಕಿಂತ ಹೆಚ್ಚು ತುಂಬಿ ಎದೆ ಕಲ್ಲಾಗುತ್ತದೆ. ತಿಂಗಳು ದಾಟುವ ಹೊತ್ತಿಗೆ ಕೂಸು ಕುಡಿಯುವಷ್ಟೇ ಊರುವುದು ರೂಢಿಯಾಗಿ ಮೆತ್ತಗಾಗುತ್ತದೆ. ಮೆತ್ತಗಾದದ್ದು ಬತ್ತಿದ್ದಲ್ಲ. ಸಂಜೆ ಬಿಡದೆ ಚೀಪುವುದೂ ಈ ವಯಸ್ಸಿನ ಸ್ವಭಾವವೇ. ನೀವು ನೋಡಬೇಕಾದ್ದು ಎರಡೇ: ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗುತ್ತದೆಯೇ, ತೂಕ ದಿನಕ್ಕೆ 20–30 ಗ್ರಾಂನಂತೆ ಏರುತ್ತಿದೆಯೇ. ಆಶಾ ಕಾರ್ಯಕರ್ತೆ 42ನೇ ದಿನ ಮನೆಗೆ ಬರಬೇಕು. ಆದರೆ ನೀವು ತವರಿಗೆ ಬಂದದ್ದು ಎಷ್ಟೋ ಸಲ ಇಲ್ಲಿಯ ಆಶಾಗೆ ಗೊತ್ತೇ ಇರುವುದಿಲ್ಲ. ನೀವೇ ಹೇಳಿ ಕಳಿಸಿ, ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಡಬ್ಬಿ ಹಾಲು ಶುರುವಾದರೆ ಕೂಸು ಚೀಪುವುದು ಕಡಿಮೆ, ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆ. ಆಗ ಗುಂಪಿನವರು ಹೇಳಿದ್ದು ನಿಜವಾಗಿಯೇ ಬಿಡುತ್ತದೆ! ಜೇನು ವರ್ಷ ತುಂಬುವವರೆಗೆ ಬೇಡವೇ ಬೇಡ, ಬಾಟುಲಿಸಂ ಎಂಬ ವಿಷಬಾಧೆಯ ಭಯವಿದೆ. ಆರು ತಿಂಗಳವರೆಗೆ ನೀರೂ ಬೇಡ, ನಮ್ಮ ಕಡೆಯ ಏಪ್ರಿಲ್ ಬಿಸಿಲಿದ್ದರೂ.

ಗುಂಪಿನಲ್ಲಿ ನಿದ್ದೆಗೆಟ್ಟ ಕಥೆ ಹೇಳಿಕೊಳ್ಳಿ, ಅಂಟಿನುಂಡಿ ಮಾಡುವ ಬಗೆ ಕೇಳಿ (ಅದರಲ್ಲಿ ಅವ್ವನೇ ಗೆಲ್ಲುತ್ತಾಳೆ, ಬಿಡಿ). ಔಷಧಿಯ ಹೆಸರು, ಹನಿಗಳ ಲೆಕ್ಕ ಮಾತ್ರ ಅಲ್ಲಿಂದ ತರಬೇಡಿ. ತಾಯಿ ಕಾರ್ಡಿನ ಫೋಟೊ ಹಾಕಿದ್ದರೆ ಇವತ್ತೇ ತೆಗೆಯಿರಿ. ಅದರಲ್ಲಿ ನಿಮ್ಮ ಹೆಸರು, ವಿವರವೆಲ್ಲ ಇರುತ್ತದೆ.

ಎರಡು ವಾರ ಕಳೆದರೂ ನಿಮ್ಮ ಅಳು, ಬೇಸರ ನಿಲ್ಲದಿದ್ದರೆ 14416, ಮನಸ್ಸಿನ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಕರೆ ಮಾಡಬಹುದು. ಕೂಸಿನ ಮೈ ಬಿಸಿಯಾಗಿ ಎದೆ ಹಿಡಿಯದಿದ್ದರೆ ಪೋಸ್ಟ್ ಹಾಕಿ ಕಾಯಬೇಡಿ, 108ಕ್ಕೆ ಫೋನು ಮಾಡಿ.