ಆ ಎರಡು ಪುಟ ಎಸೆಯಬೇಡ ತಮ್ಮಾ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಮುಂದಿನ ತಿಂಗಳು ಕೆಲಸಕ್ಕೆ ಅಂತ ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬರುತ್ತಿದ್ದೀಯ, ಎಚ್‌ಆರ್‌ನವರು ನಿನ್ನ ಕೆಲಸ ಏನೇನು ಅಂತ ಎರಡು ಪುಟ ಕಳಿಸಿದ್ದಾರೆ, ಅದು ಸುಮ್ನೆ ಫಾರ್ಮಾಲಿಟಿನಾ ಅಂತ ಕೇಳಿದ್ದೀಯ. ಜೊತೆಗೆ ಪ್ರೊಬೇಷನ್, ರಜೆ, ಸಾರಿನ ಪುಡಿ.

ಸಾರಿನ ಪುಡಿ ಅಮ್ಮ ಕಟ್ಟಿಕೊಟ್ಟಷ್ಟೂ ತಾ. ವಾರಕ್ಕೆ 5 ದಿನ ಕೆಲಸ ಇದ್ದರೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ ರಜೆ, ಎಷ್ಟೋ ಕಡೆ ಇನ್ನೂ ಜಾಸ್ತಿ. ಪ್ರೊಬೇಷನ್ ಸಾಮಾನ್ಯವಾಗಿ 6 ತಿಂಗಳು, ಆಗ 2 ವಾರದ ನೋಟಿಸ್ ಸಾಕು. ಹೆದರಬೇಡ.

ಆ ಎರಡು ಪುಟಕ್ಕೆ ಬರುತ್ತೇನೆ. ನಾನು ಬಂದಿದ್ದು ಟೆಸ್ಟಿಂಗ್ ಕೆಲಸಕ್ಕೆ. ಮದುವೆಮನೆಯಲ್ಲಿ ಬಡಿಸುವವರು ಕಡಿಮೆಯಾದರೆ ಯಾರೂ ಹೇಳದೆ ಸಾರಿನ ಬಕೆಟ್ ಎತ್ತಿಕೊಳ್ಳುತ್ತೇವಲ್ಲ, ಹಾಗೆ ಯಾರ ಕೆಲಸ ಬಾಕಿ ಇದ್ದರೂ ನಾನು ಎತ್ತಿಕೊಂಡೆ. ಒಂದು ಸಲ ರಜೆಗೆ ಹೋದವನ ರಿಪೋರ್ಟ್ ಮುಗಿಸಿಟ್ಟರೆ, ಬಂದವನು 'ಇದನ್ನು ನಿನಗೆ ಯಾರು ಕೊಟ್ಟರು?' ಅಂದ. ಜಂಬದವನು ಅಂದುಕೊಂಡೆ. ಆಮೇಲೆ 2 ವರ್ಷ ಇಡೀ ಟೀಮನ್ನೇ ನಡೆಸಿದೆ, ಬಾಯಿಮಾತಿನ ಮೇಲೆ.

ಆ ಕೆಲಸ ಬಿಡುವಾಗ ಆರ್ಬೈಟ್ಸ್‌ತ್ಸೋಯ್ಗ್ನಿಸ್ ಅನ್ನುವ ಪತ್ರ ಕೊಟ್ಟರು. ನಮ್ಮ ಎಕ್ಸ್‌ಪೀರಿಯನ್ಸ್ ಲೆಟರ್ ಥರ ಅಲ್ಲ ಅದು. ಮಾಡಿದ ಕೆಲಸಗಳ ಪಟ್ಟಿ, ಆಮೇಲೆ ಹೇಗೆ ಮಾಡಿದೆ ಅನ್ನುವುದು. ಮುಂದಿನ ಕೆಲಸಕ್ಕೆ ಕಲ್ಲು ಹಾಕುವಂತೆ ಬರೆಯಬಾರದು, ಹಾಗಾಗಿ ಬೈಗುಳವೂ ಹೊಗಳಿಕೆಯ ವೇಷದಲ್ಲೇ ಬರುತ್ತದೆ. 'ಪೂರ್ತಿ ತೃಪ್ತಿ' ಅಂದರೆ ಸಾಧಾರಣ, 'ಸದಾ ಪೂರ್ತಿ ತೃಪ್ತಿ' ಅಂದರೆ ಒಳ್ಳೆಯದು, 'ಪ್ರಯತ್ನ ಪಟ್ಟರು' ಅಂದರೆ ಕೈಲಾಗಲಿಲ್ಲ ಅಂತ!

ನನ್ನದರಲ್ಲಿ 'ಸದಾ' ಇತ್ತು. ಆದರೆ ಕೆಲಸದ ಪಟ್ಟಿ ಮೊದಲ ದಿನದ ಕಾಗದದಿಂದ, ಈಗ ನಿನಗೆ ಬಂದಿದೆಯಲ್ಲ ಅಂಥದ್ದರಿಂದ, ಇಳಿಸಿದ್ದು. ಟೆಸ್ಟಿಂಗ್, ಅಷ್ಟೇ. ತಿದ್ದಿಕೊಡಿ ಅಂತ ಕೇಳಬಹುದಿತ್ತು. ಹೊಗಳಿದ್ದಾರಲ್ಲ, ಜಗಳ ಯಾಕೆ ಅಂತ ಊರಿಗೆ ಫೋನ್ ಮಾಡಿ ಅಪ್ಪನಿಗೆ ಓದಿ ಹೇಳಿ ಫೈಲಿಗೆ ಹಾಕಿದೆ. ಮುಂದಿನ ಇಂಟರ್‌ವ್ಯೂನಲ್ಲಿ ಟೀಮ್ ನಡೆಸಿದ್ದೇನೆ ಅಂದೆ. ಎದುರಿಗಿದ್ದಾಕೆ ಪಟ್ಟಿಯ ಮೇಲೆ ಪೆನ್ನಿಟ್ಟು ಸಾಲು ಸಾಲಾಗಿ ಕೆಳಗಿಳಿದಳು, ಮತ್ತೆ ಮೇಲಿನಿಂದ ಶುರು ಮಾಡಿದಳು, ಏನೂ ಕೇಳದೆ ಹಾಳೆ ತಿರುಗಿಸಿದಳು. ಪುನಃ ಟೆಸ್ಟರ್ ಆಗಿಯೇ ಸೇರಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಂತ ಸಹಾಯ ಮಾಡಬೇಡ ಅನ್ನುವುದಿಲ್ಲ, ನನ್ನ ಕೈಲೇ ಅದು ಆಗಿಲ್ಲ. ಹೊಸ ಕೆಲಸ ಕೈಗೆ ಬಂದ ದಿನವೇ ಬಾಸ್‌ಗೆ ಎರಡು ಸಾಲು ಮೇಲ್ ಹಾಕು, 'ಇವತ್ತಿನಿಂದ ಇದು ನನ್ನ ಕೆಲಸ, ಸರಿ ತಾನೇ?' ಅಂತ. ಬಾಸ್ ಬದಲಾದರೆ ತ್ಸ್ವಿಷೆನ್‌ತ್ಸೋಯ್ಗ್ನಿಸ್ ಕೇಳು, ಕೆಲಸದಲ್ಲಿರುವಾಗಲೇ ಕೊಡುವ ಅಂಥದ್ದೇ ಪತ್ರ.

ಬಂದ ಮೇಲೆ ಒಂದು ಭಾನುವಾರ ಆ ಪುಟಗಳನ್ನು ಹಿಡಿದುಕೊಂಡು ಮನೆಗೆ ಬಾ, ಕೂತು ಓದೋಣ. ಸಾರಿನ ಪುಡಿ ನನಗೂ ಒಂದು ಪ್ಯಾಕೆಟ್ ಇರಲಿ.